ಗುರುವಿನ ಜಾಡು ಹಿಡಿದು ಹೊರಟರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ನಾಡಿನ ಚಿತ್ರಕಲಾ ಪ್ರದರ್ಶನಗಳನ್ನೂ ಊರೂರಿನ ಕಲಾವಿದರನ್ನೂ ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಚಿತ್ರಕಲಾ ಪ್ರದರ್ಶನಗಳ ಸುದ್ದಿಯೆಲ್ಲ ಬೆಂಗಳೂರಿನದೇ ಆಗಿರುತ್ತದೆ. ನಮ್ಮ ಭಾಗದಲ್ಲಿ ನೋಡಲೇಬೇಕಾದ ಕಲಾವಿದರು ಇಲ್ಲವೇ? ಇದ್ದರೆ ಅವರನ್ನು ಪತ್ತೆ ಹಚ್ಚುವುದು ಹೇಗೆ?
— ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ

ಇದ್ದಾರೆ, ಬಹಳ ಮಂದಿ ಇದ್ದಾರೆ. ಆದರೆ ಬೆಂಗಳೂರಿನಲ್ಲಿ ಹುಡುಕುವ ಹಾಗೆ ನಿಮ್ಮ ಭಾಗದಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಗ್ಯಾಲರಿಗಳಿವೆ, ಆಮಂತ್ರಣ ಪತ್ರಿಕೆಗಳಿವೆ, ಉದ್ಘಾಟನೆಯ ಸಂಜೆಗಳಿವೆ. ಉತ್ತರ ಕರ್ನಾಟಕದಲ್ಲಿ ಚಿತ್ರಕಲೆ ಬೆಳೆದದ್ದು ಗ್ಯಾಲರಿಗಳಿಂದಲ್ಲ, ಕಲಾಶಾಲೆಗಳಿಂದ. ಮುಂಬಯಿಗೆ ಹೋಗಿ ಕಲಿತು ಬಂದ ಒಬ್ಬ ಮೇಷ್ಟ್ರು ಊರಿನಲ್ಲಿ ನಾಲ್ಕು ಕೋಣೆ ಹಿಡಿದು ಶಾಲೆ ತೆರೆಯುತ್ತಿದ್ದರು. ಸುತ್ತಲಿನ ಹಳ್ಳಿಗಳ ಹುಡುಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಅಲ್ಲಿ ಕೂತು ಗೆರೆ ಎಳೆಯಲು ಕಲಿಯುತ್ತಿದ್ದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಶಾಲೆ, ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಕಲಬುರ್ಗಿಯಲ್ಲಿ ವಿ.ಜಿ. ಅಂದಾನಿಯವರ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಇವೆಲ್ಲ ಹಾಗೆ ಬೆಳೆದವು. ಆದ್ದರಿಂದ ನನ್ನ ಸಲಹೆ ಒಂದೇ: ನಿಮ್ಮ ಜಿಲ್ಲೆಯ ಕಲಾವಿದನನ್ನು ಹುಡುಕಬೇಕಾದರೆ ಮೊದಲು ಅವನ ಗುರುವನ್ನು ಹುಡುಕಿ. ಅಲ್ಲಿಂದ ಶಿಷ್ಯರ ಜಾಡು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಈ ಜಾಡು ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಕಲಬುರ್ಗಿಯಲ್ಲಿ ಶಂಕರರಾವ್ ಆಳಂದಕರ್ ಎಂಬ ಕಲಾಶಿಕ್ಷಕರಿದ್ದರು. ಅವರ ಕೈಯಲ್ಲಿ ಮೊದಲ ಪಾಠ ಕಲಿತ ಹುಡುಗನೇ 1916ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು. ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರುಗಳನ್ನೂ ಪುರಾಣದ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದು ದೇಶದ ಮನೆಮನೆಯ ಗೋಡೆಯನ್ನು ಮುಟ್ಟಿದವರು ಅವರು. ನಿಮ್ಮ ಅಜ್ಜಿಯ ಮನೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನ ಮೂಲೆಯಲ್ಲಿ ‘ಪಂಡಿತ್’ ಎಂಬ ರುಜು ಇದ್ದಿರಬಹುದು. ಅದನ್ನು ಬರೆದವರು ಕಲಬುರ್ಗಿಯವರೆಂದು ಅಂದು ಎಷ್ಟು ಜನಕ್ಕೆ ಗೊತ್ತಿತ್ತೋ! ಅವರ ಹೆಸರಿನ ಸಂಗ್ರಹಾಲಯ ಕಲಬುರ್ಗಿಯಲ್ಲೇ ಇದೆ. ಕ್ಯಾಲೆಂಡರಿನಲ್ಲಿ ಅಂಗೈ ಅಗಲ ಕಂಡದ್ದನ್ನು ಮೂಲ ಅಳತೆಯಲ್ಲಿ ನೋಡಿದಾಗ, ಮೈಬಣ್ಣದ ಮೇಲೆ ಬೆಳಕು ಬೀಳಿಸುವ ಆ ಕೈಚಳಕ ಅಚ್ಚಿನಲ್ಲಿ ಎಷ್ಟು ಸೋರಿಹೋಗಿತ್ತು ಎಂದು ತಿಳಿಯುತ್ತದೆ.

ಇನ್ನೊಂದು ಉದಾಹರಣೆ ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದರದು. ಅವರು 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ‘ಕೆನ್’ ಕಲಾಶಾಲೆಯನ್ನು ಕಟ್ಟಿದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅಲ್ಲಿ ಕಲಿತು, ಶಾಂತಿನಿಕೇತನಕ್ಕೂ ಆಮೇಲೆ ಲಂಡನ್ನಿಗೂ ಹೋದರು. ಇಂದು ಸೆಗಣಿ, ಕುಂಕುಮ, ಕೂದಲು, ದಾರ ಇಂಥ ನಮ್ಮ ಅಂಗಳದ ಸಾಮಗ್ರಿಗಳಿಂದಲೇ ಅವರು ಮಾಡಿದ ಕೃತಿಗಳನ್ನು ಜಗತ್ತಿನ ದೊಡ್ಡ ಕಲಾಸಂಗ್ರಹಾಲಯಗಳು ಪ್ರದರ್ಶಿಸುತ್ತವೆ. ಬಾದಾಮಿಯ ಗುರು, ಭದ್ರಾವತಿಯ ಶಿಷ್ಯೆ. ಇದನ್ನು ಬೆಂಗಳೂರಿನ ಕಲೆ ಎಂದು ಹೇಗೆ ಕರೆಯುವುದು?

ಇನ್ನು ಕೈಗೆಟಕುವ ಉಪಾಯಗಳು. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಕಲಾ ಪ್ರದರ್ಶನಕ್ಕೆ ಹೋಗಲಾಗದಿದ್ದರೂ ಅದರ ಕ್ಯಾಟಲಾಗ್ ಎಲ್ಲಿಯಾದರೂ ಸಿಕ್ಕರೆ ಬಿಡಬೇಡಿ. ಚಿತ್ರಗಳನ್ನು ನೋಡುವ ಮೊದಲು ಹೆಸರುಗಳ ಮುಂದಿನ ಊರುಗಳನ್ನು ಓದಿ. ನಿಮ್ಮ ತಾಲ್ಲೂಕಿನ ಹೆಸರು ಕಂಡರೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಹಾಗೆ ಗುರುತು ಹಾಕಿದವರಲ್ಲಿ ಕೆಲವರಾದರೂ ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರರಾಗಿರುತ್ತಾರೆ. ಈ ಡ್ರಾಯಿಂಗ್ ಮಾಸ್ತರರ ಮನೆಯ ಅಟ್ಟದಲ್ಲಿ ಏನೇನಿದೆ ಎಂದು ನೋಡುವ ಸಾಹಸವನ್ನು ನಮ್ಮ ಪತ್ರಿಕೆಗಳೂ ಮಾಡಿಲ್ಲ, ಸರ್ಕಾರವೂ ಮಾಡಿಲ್ಲ. ತಾವು ಶಿಕ್ಷಕರಾಗಿದ್ದವರು, ತಮಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತದೆ.

ಹಾಗೆಯೇ ತಮ್ಮದೇ ಜಿಲ್ಲೆಯ ಶಿಗ್ಗಾವಿ ಬಳಿ, ಹೆದ್ದಾರಿಯ ಬದಿಯ ಗೋಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಮಕ್ಕಳ ಪ್ರವಾಸದ ಜಾಗವೆಂದು ದೊಡ್ಡವರು ಅದನ್ನು ಬಿಟ್ಟುಬಿಡುತ್ತಾರೆ. ರಾಶಿ ಮಾಡುವವರು, ಎತ್ತು ಹೂಡುವವರು, ಕಟ್ಟೆಯ ಮೇಲೆ ಕೂತು ಹರಟುವವರು ಎಲ್ಲ ಆಳೆತ್ತರಕ್ಕೆ ಸಿಮೆಂಟಿನಲ್ಲಿ ನಿಂತಿದ್ದಾರೆ. ಸೊಲಬಕ್ಕನವರು ದೊಡ್ಡಾಟಕ್ಕಾಗಿ ದುಡಿದ ಕಲಾವಿದರೂ ಹೌದು. ಆ ಮೂರ್ತಿಗಳು ನಿಂತ ಭಂಗಿಯಲ್ಲಿ ಒಬ್ಬ ರಂಗಕರ್ಮಿಯ ಕಣ್ಣು ಕೆಲಸ ಮಾಡಿದೆ ಎಂಬುದನ್ನು ಗಮನಿಸಿ ನೋಡಿ.

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ದೀಪ ಹಿಡಿದ ಮಹಿಳೆ’ ಚಿತ್ರ ರವಿವರ್ಮನದೋ ಅಲ್ಲವೋ ಎಂದು ನಮ್ಮ ಮನೆಯಲ್ಲಿ ವಾದ ನಡೆದಿದೆ. ತೀರ್ಪು ಕೊಡುವಿರಾ?
— ಗೃಹಿಣಿಯೊಬ್ಬರು, ಮಂಡ್ಯ

ರವಿವರ್ಮನದಲ್ಲ. ಆತ 1906ರಲ್ಲೇ ತೀರಿಕೊಂಡ. ಈ ಚಿತ್ರ ರಚನೆಯಾದದ್ದು 1940ರ ದಶಕದಲ್ಲಿ. ಬರೆದವರು ಸಾವಂತವಾಡಿ ಮೂಲದ ಎಸ್.ಎಲ್. ಹಲದಣಕರ್. ರೂಪದರ್ಶಿಯಾಗಿ ನಿಂತವಳು ಅವರ ಮಗಳು ಗೀತಾ. ಅದೇ ಗ್ಯಾಲರಿಯಲ್ಲಿ ರವಿವರ್ಮನ ಹೆಸರಾಂತ ಚಿತ್ರಗಳೂ ಇರುವುದರಿಂದ, ಚೆನ್ನಾಗಿರುವುದೆಲ್ಲ ಅವನದೇ ಎಂದು ಜನ ಭಾವಿಸಿದ್ದಾರೆ.

ಆದರೆ ಆ ವಾದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆಯೇ ಇದೆ. ಅದು ತೈಲವರ್ಣವಲ್ಲ, ಜಲವರ್ಣ. ತೈಲವರ್ಣದಲ್ಲಿ ಕತ್ತಲನ್ನು ಮೊದಲು ಬಳಿದು ಬೆಳಕನ್ನು ಆಮೇಲೆ ಅದರ ಮೇಲೆ ಇಡಬಹುದು. ತಪ್ಪಿದರೆ ಮುಚ್ಚಿ ಮತ್ತೆ ಬರೆಯಬಹುದು. ತೆಳು ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತಾಗದಂತೆ ಮೊದಲಿನಿಂದಲೇ ಕಾಯ್ದುಕೊಳ್ಳಬೇಕು. ಅಂಗೈ ಮರೆಮಾಡಿದ ದೀಪದ ಬೆಳಕು ಆ ಬೆರಳುಗಳ ಸಂದಿಯಿಂದ ಕೆಂಪಾಗಿ ಹಾದುಬರುವುದನ್ನು ಮುಂದಿನ ಸಲ ಹತ್ತಿರದಿಂದ ನೋಡಿ. ಬಳಿಯದೆ ಬಿಟ್ಟ ಜಾಗ ಎಷ್ಟು ಚಿಕ್ಕದು ಎಂದು ಬೆರಗಾಗುತ್ತದೆ.

ಈ ಚಿತ್ರಕ್ಕೆ ಮೈಸೂರಿನ ದಸರಾ ಕಲಾ ಪ್ರದರ್ಶನದಲ್ಲಿ ಬಹುಮಾನ ಬಂದಿತ್ತು. ಇಂದಿಗೂ ದಸರೆಯ ಸಮಯದಲ್ಲಿ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಜನರ ಬಾಯಲ್ಲಿ ‘ಕಾವಾ’, ಅಲ್ಲಿ ಲಲಿತಕಲಾ ಪ್ರದರ್ಶನ ಏರ್ಪಡುವ ರೂಢಿಯಿದೆ. ಕುಂದಾಪುರದ ಕಡೆಯ ಎಲ್.ಎನ್. ತಲ್ಲೂರ್ ಓದಿದ್ದು ಇದೇ ಕಾವಾದಲ್ಲಿ; ಇಂದು ಅವರ ಶಿಲ್ಪಗಳಿಗೆ ವಿದೇಶಗಳಲ್ಲೂ ಹೆಸರಿದೆ. ಜಂಬೂಸವಾರಿಗೆ ಬಂದವರು ಅರ್ಧ ದಿನ ಇತ್ತ ತಿರುಗಿದರೆ, ಇನ್ನೂ ಹೆಸರು ಮಾಡದ ಹುಡುಗ ಹುಡುಗಿಯರ ಕೆಲಸ ಕಾಣಸಿಗುತ್ತದೆ. ನನ್ನ ಮಟ್ಟಿಗೆ ಕಲಾಶಾಲೆಯ ವಿದ್ಯಾರ್ಥಿ ಪ್ರದರ್ಶನಕ್ಕಿಂತ ಲವಲವಿಕೆಯ ಪ್ರದರ್ಶನ ಬೇರೆ ಇಲ್ಲ. ಅಲ್ಲಿ ಕೆಟ್ಟ ಚಿತ್ರಗಳೂ ಧೈರ್ಯದಿಂದ ಕೆಟ್ಟಿರುತ್ತವೆ.

ಪ್ರಶ್ನೆ: ಮೇಳವೊಂದರಲ್ಲಿ ಕ್ಯಾನ್ವಾಸಿನ ಮೇಲೆ ಆಕ್ರಿಲಿಕ್ ಬಣ್ಣದಲ್ಲಿ ಬರೆದ ಚಿತ್ತಾರ ಮಾರಾಟಕ್ಕಿತ್ತು. ನಮ್ಮ ಅಜ್ಜಿ ಗೋಡೆಯ ಮೇಲೆ ಬರೆಯುತ್ತಿದ್ದುದೇ ಬೇರೆ. ಇದನ್ನು ಚಿತ್ತಾರ ಎನ್ನಬಹುದೇ?
— ಓದುಗರು, ಸಾಗರ

ತಮ್ಮ ಅಜ್ಜಿಯ ಹೆಸರಿನಲ್ಲಿ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ಮೊದಲು ಮಲೆನಾಡಿನ ಹೊರಗಿನ ಓದುಗರಿಗಾಗಿ ಒಂದೆರಡು ಮಾತು. ಸಾಗರ, ಸೊರಬ, ಹೊಸನಗರ, ಸಿರ್ಸಿಯ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಬರೆಯುವ ಗೆರೆಗಳ ಜಾಲವೇ ಚಿತ್ತಾರ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕೆಂಪಿಗೆ ಮಣ್ಣು, ಕುಂಚಕ್ಕೆ ಪುಂಡಿನಾರು. ಮದುವೆಯಲ್ಲಿ ವಧೂವರರು ಕೂರುವ ಹಸೆಗೋಡೆಗೆ ಒಂದು ಬಗೆ, ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೆ ಇನ್ನೊಂದು ಬಗೆ.

ಆ ಬುಟ್ಟಿಯನ್ನು ನಾನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಿದಿರಿನ ನೇಯ್ಗೆಯ ಉಬ್ಬುತಗ್ಗು ಕಾಣದ ಹಾಗೆ ಮೊದಲು ಸೆಗಣಿ ಮೆತ್ತಿ, ಅದು ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಕೂದಲೆಳೆಯಂಥ ಬಿಳಿಗೆರೆಗಳನ್ನು ಎಳೆದಿದ್ದರು. ಬುಟ್ಟಿ ದುಂಡಗಿದ್ದರೂ ಒಂದು ಗೆರೆ ಇನ್ನೊಂದಕ್ಕೆ ತಾಗಿರಲಿಲ್ಲ. ಭೂಮಿ ಹುಣ್ಣಿಮೆಯೆಂದೂ ಕರೆಯುವ ಸೀಗೆ ಹುಣ್ಣಿಮೆಯ ನಸುಕಿನಲ್ಲಿ, ಹೊಡೆ ತುಂಬಿದ ಗದ್ದೆಗೆ ಬಯಕೆಯ ಅಡುಗೆಯನ್ನು ಇಂಥ ಬುಟ್ಟಿಯಲ್ಲೇ ಹೊತ್ತುಕೊಂಡು ಹೋಗಿ, ‘ಹಚ್ಚಂಬಲಿ, ಹಾಲಂಬಲಿ’ ಎಂದು ಕೂಗುತ್ತ ಬೀರುತ್ತಾರೆ. ಒಂದು ಬೆಳಗಿನ ಕೆಲಸಕ್ಕಾಗಿ ಎಷ್ಟೋ ದಿನಗಳ ಕುಸುರಿ. ಆ ಮೇಲೆ ಬುಟ್ಟಿ ಅಟ್ಟ ಸೇರುತ್ತದೆ.

ಈಗ ತಮ್ಮ ಪ್ರಶ್ನೆ. ಆಕ್ರಿಲಿಕ್ ಬಳಸಿದ ಮಾತ್ರಕ್ಕೆ ಅದು ಚಿತ್ತಾರವಲ್ಲ ಎಂದು ನಾನು ಹೇಳಲಾರೆ. ಕೆಮ್ಮಣ್ಣಿನ ಗೋಡೆಗಳು ಸಿಮೆಂಟಾದ ಮೇಲೆ ಬರೆಯುವವರು ಎಲ್ಲಿ ಬರೆಯಬೇಕು? ಕ್ಯಾನ್ವಾಸಿನ ಮೇಲೆ ಬರೆದು ಮಾರಿದ್ದರಿಂದಲೇ ಕೆಲವು ಮನೆಗಳಲ್ಲಿ ಈ ಕೈಕೆಲಸ ಉಳಿದಿದೆ. ನನ್ನ ತಕರಾರು ಬೇರೆ ಕಡೆ ಇದೆ. ಮೇಳದ ಚಿತ್ತಾರಗಳಲ್ಲಿ ಎಷ್ಟೋ ಸಲ ಚೌಕ, ತ್ರಿಕೋನಗಳನ್ನು ಎಲ್ಲಿಂದೆಲ್ಲಿಗೋ ತಂದು ಜೋಡಿಸಿರುತ್ತಾರೆ. ಮನೆಯ ಚಿತ್ತಾರದಲ್ಲಿ ಪ್ರತಿ ಗೆರೆಗಟ್ಟಿಗೂ ಹೆಸರುಂಟು, ಯಾವುದರ ಪಕ್ಕ ಯಾವುದು ಬರಬೇಕೆಂಬ ಕ್ರಮವುಂಟು, ಬರೆಯುತ್ತ ಹಾಡುವ ಹಾಡುಂಟು. ಆದ್ದರಿಂದ ಮಾರುವವರನ್ನು ಬಣ್ಣ ಯಾವುದೆಂದು ಕೇಳಬೇಡಿ. ಈ ಗೆರೆಗೆ ಏನೆನ್ನುತ್ತೀರಿ, ಯಾರಿಂದ ಕಲಿತಿರಿ ಎಂದು ಕೇಳಿ. ಅಮ್ಮನಿಂದ, ಅತ್ತೆಯಿಂದ ಎಂಬ ಉತ್ತರ ಬಂದು, ಅವರೇ ಬೆರಳಿಟ್ಟು ಒಂದೊಂದನ್ನೇ ಹೆಸರಿಸತೊಡಗಿದರೆ ನಿಶ್ಚಿಂತೆಯಿಂದ ಕೊಳ್ಳಿ. ಇಲ್ಲಿಯೂ ಹಿಡಿಯಬೇಕಾದದ್ದು ಗುರುವಿನ ಜಾಡೇ. ಗುರು ಅಡುಗೆಮನೆಯಲ್ಲಿದ್ದಾರೆ ಎನ್ನುವುದಷ್ಟೇ ವ್ಯತ್ಯಾಸ.

ಇದೇ ಮಾತು ಕೊಪ್ಪಳ ಜಿಲ್ಲೆಗೂ ಸಲ್ಲುತ್ತದೆ. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು ಬೆರೆಸಿದ ‘ಕಿಟ್ಟ’ ಎಂಬ ಲೇಪ ಹಚ್ಚಿ, ಅದರ ಮೇಲೆ ಬಣ್ಣ ಕಟ್ಟುತ್ತಾರೆ. ಅದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಪ್ರಶಸ್ತಿ ಬರುವವರೆಗೆ ಆ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು ಎಂಬ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿದ್ದೇನೆ.

ಪ್ರಶ್ನೆ: ಚಿತ್ರಸಂತೆಗೆ ಮೊದಲ ಸಲ ಹೋಗಬೇಕೆಂದಿದ್ದೇವೆ. ಒಂದು ಚಿತ್ರವನ್ನು ಕೊಳ್ಳುವ ಆಸೆಯೂ ಇದೆ. ಮೋಸಹೋಗದಿರುವುದು ಹೇಗೆ? ಚೌಕಾಸಿ ಮಾಡಬಹುದೇ?
— ದಂಪತಿ, ತುಮಕೂರು

ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಸಾಮಾನ್ಯವಾಗಿ ಜನವರಿ ಮೊದಲ ವಾರಗಳ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಈ ಸಂತೆಗೆ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಒಮ್ಮೆ ನಡೆದು ಬನ್ನಿ. ತಿಂಡಿ ತಿನ್ನುವಾಗ ಯಾವ ಚಿತ್ರ ಇನ್ನೂ ಕಣ್ಣಿನಲ್ಲಿ ಉಳಿದಿದೆಯೋ ಅದರ ಬಳಿಗೆ ಮರಳಿ ಹೋಗಿ.

ಮೋಸದ ವಿಷಯದಲ್ಲಿ ನನ್ನ ಸ್ವಂತ ಪೆದ್ದುತನವನ್ನೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಚಿತ್ರಸಂತೆಯಲ್ಲಿ ಅಲ್ಲ, ಬೇರೊಂದು ಮೇಳದಲ್ಲಿ, ಮಳೆಯ ರಸ್ತೆಯ ಜಲವರ್ಣವೊಂದನ್ನು ಮೆಚ್ಚಿ ತಂದೆ. ಮನೆಯ ಕಿಟಕಿಯ ಬಳಿ ಇಟ್ಟು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಾಗ, ಛತ್ರಿಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಬಣ್ಣದ ಚುಕ್ಕೆಗಳು ಸಾಲುಗಟ್ಟಿ ನಿಂತಿದ್ದವು. ಅದು ಯಂತ್ರದ ಅಚ್ಚು. ಅಂದಿನಿಂದ ಚಿತ್ರವನ್ನು ನೇರವಾಗಿ ನೋಡುವ ಮೊದಲು ಓರೆಯಾಗಿ ಬೆಳಕಿಗೆ ಹಿಡಿಯುತ್ತೇನೆ: ಕೈಯಿಂದ ಬರೆದದ್ದರಲ್ಲಿ ಬಣ್ಣ ಎಲ್ಲೋ ದಪ್ಪ, ಎಲ್ಲೋ ತೆಳು, ನೀರು ನಿಂತು ಒಣಗಿದ ಕಡೆ ಅಂಚು ಗಾಢ. ಮೈಸೂರು ಶೈಲಿಯ ಚಿತ್ರವಾದರೆ ಚಿನ್ನದ ರೇಕಿನ ಕೆಳಗಿನ ಉಬ್ಬನ್ನು ನೋಡಿ. ತಂಜಾವೂರಿನದರಷ್ಟು ದಪ್ಪವಿರದೆ, ಹರಳುಗಳೂ ಇರದೆ, ಸಣ್ಣಗೆ ಮೇಲೆದ್ದಿರುವುದೇ ಮೈಸೂರಿನ ಲಕ್ಷಣ. ಉಬ್ಬೇ ಇಲ್ಲದೆ ಬರೀ ಹೊಳಪಿದ್ದರೆ ಅದನ್ನು ಅಚ್ಚಿನ ಬೆಲೆಗಷ್ಟೇ ಕೊಳ್ಳಿ. ಅಚ್ಚು ಮಾರುವುದು ತಪ್ಪಲ್ಲ. ಅಚ್ಚೆಂದು ಹೇಳದೆ ಮಾರುವುದು ತಪ್ಪು.

ಚೌಕಾಸಿಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಬೆಲೆ ನಿಮ್ಮ ಕೈಗೆ ಮೀರಿದ್ದರೆ ‘ನಮ್ಮಲ್ಲಿ ಇಷ್ಟೇ ಇದೆ, ಇದರೊಳಗೆ ನಿಮ್ಮ ಚಿಕ್ಕ ಚಿತ್ರವೇನಾದರೂ ಇದೆಯೇ?’ ಎಂದು ಕೇಳುವುದು ಮರ್ಯಾದೆ. ಎಷ್ಟೋ ಕಲಾವಿದರು ಒಳಗಿನ ಫೈಲಿನಿಂದ ರೇಖಾಚಿತ್ರಗಳನ್ನು ತೆಗೆದು ತೋರಿಸುತ್ತಾರೆ, ಮತ್ತು ಅವು ಹೊರಗೆ ತೂಗುಹಾಕಿದ್ದಕ್ಕಿಂತ ಚೆನ್ನಾಗಿರುವುದೂ ಉಂಟು. ‘ಇಷ್ಟಕ್ಕೆ ಕೊಡ್ತೀರಾ, ಇಲ್ಲವಾ?’ ಎನ್ನುವುದು ಸೊಪ್ಪಿನ ಸಂತೆಯಲ್ಲೂ ಚೆನ್ನಾಗಿ ಕೇಳಿಸುವುದಿಲ್ಲ. ಕೊಂಡ ಮೇಲೆ ಚಿತ್ರದ ಹಿಂಬದಿಯಲ್ಲಿ ಶೀರ್ಷಿಕೆ, ಮಾಧ್ಯಮ, ವರ್ಷ ಬರೆಸಿ ರುಜು ಹಾಕಿಸಿಕೊಳ್ಳಿ. ಅವರ ಊರು ಯಾವುದು, ಗುರು ಯಾರು ಎಂದೂ ಒಂದು ಸಾಲು ಬರೆಯಲು ಕೇಳಿ.

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದರೂ ಯಾವ ಗ್ಯಾಲರಿಗೂ ಹೋಗಿಲ್ಲ. ಬಿಡುವಿರುವುದು ವಾರಕ್ಕೆ ಒಂದೇ ದಿನ. ಯಾರಿಂದ ಆರಂಭಿಸಲಿ?
— ಬ್ಯಾಂಕ್ ನೌಕರರು, ಬೆಂಗಳೂರು

ರುಮಾಲೆ ಚೆನ್ನಬಸವಯ್ಯನವರಿಂದ ಆರಂಭಿಸಿ. ದೊಡ್ಡಬಳ್ಳಾಪುರದವರು, ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯಲ್ಲಿ ದುಡಿದವರು. ತಾವು ದಿನವೂ ಸಿಗ್ನಲಿನಲ್ಲಿ ನಿಲ್ಲುವ ಬೆಂಗಳೂರನ್ನೇ ಅವರು ಗುಲ್‌ಮೊಹರ್ ಹೂಬಿಟ್ಟ ರಸ್ತೆಗಳಾಗಿ ಬರೆದಿಟ್ಟಿದ್ದಾರೆ. ರಾಜಾಜಿನಗರದ ರುಮಾಲೆ ಹೌಸ್‌ನಲ್ಲಿ ಅವರ ಚಿತ್ರಗಳನ್ನು ಕಾಪಾಡಿಕೊಂಡು ಬರಲಾಗಿದೆ. ಹತ್ತಿರ ನಿಂತರೆ ಬಣ್ಣದ ತುಣುಕುಗಳು. ಆರು ಹೆಜ್ಜೆ ಹಿಂದೆ ಸರಿದರೆ ಬಿಸಿಲು ಬಿದ್ದ ಮರ.

ಆಮೇಲೆ ಕಸ್ತೂರಬಾ ರಸ್ತೆ. ಅಲ್ಲಿರುವ ಕಲಾ ಗ್ಯಾಲರಿಗೆ ಹೆಸರು ಕೊಟ್ಟ ಕೆ. ವೆಂಕಟಪ್ಪನವರು ಮೈಸೂರಿನಲ್ಲಿ ಬೆಳೆದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ್ ಬೋಸರ ಜೊತೆಗಾರರಾಗಿದ್ದವರು. ಅವರ ಊಟಿಯ ಜಲವರ್ಣಗಳಲ್ಲಿ ಬೆಟ್ಟದ ಮಂಜು ಏರುವ ಗಳಿಗೆಯನ್ನು ಹುಡುಕಿ ನೋಡಿ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ, ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಎಲ್ಲವನ್ನೂ ಒಂದೇ ಭಾನುವಾರ ಮುಗಿಸಲು ಹೊರಡಬೇಡಿ. ಹೊರಡುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ, ಯಾಕೆಂದರೆ ನಮ್ಮ ಗ್ಯಾಲರಿಗಳಿಗೆ ದುರಸ್ತಿಯ ಕಾಯಿಲೆ ಆಗಾಗ ಬರುತ್ತಿರುತ್ತದೆ.

ಪ್ರಶ್ನೆ: ಉಡುಪಿ, ಮಂಗಳೂರಿನ ಕಡೆ ಎರಡು ದಿನದ ಪ್ರಯಾಣವಿದೆ. ದೇವಸ್ಥಾನ, ಕಡಲತೀರ ಬಿಟ್ಟು ಚಿತ್ರಕಲೆಗೆ ಸಂಬಂಧಿಸಿದ್ದೇನಾದರೂ ಇದೆಯೇ?
— ಓದುಗರು, ದಾವಣಗೆರೆ

ದೇವಸ್ಥಾನವನ್ನು ಬಿಡಬೇಕಾಗಿಲ್ಲ. ಕರಾವಳಿಯ, ಅದರಲ್ಲೂ ಉತ್ತರ ಕನ್ನಡದ ಹಳೆಯ ಗುಡಿಗಳ ಗೋಡೆಗಳಲ್ಲಿ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಚೂಪಾದ ಉಪಕರಣದಿಂದ ಕೆರೆದು ಒಳಗಿನ ಬಿಳುಪನ್ನು ಹೊರತರುವ ವಿಧಾನ ಅದು. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಕಡೆ ಇದರ ಮೇಲೆ ಎನಾಮಲ್ ಬಣ್ಣ ಬಳಿದು ಮುಚ್ಚಿದ್ದಾರೆ. ಉಡುಪಿ ಕಡೆಯ ಜನಾರ್ದನ ಹಾವಂಜೆಯವರು ಇದನ್ನು ಅಭ್ಯಾಸ ಮಾಡಿ, ಹೊಸದಾಗಿ ಬರೆದು, ಕಲಿಸುವ ಕೆಲಸದಲ್ಲಿ ತೊಡಗಿದ್ದಾರೆ. ಅವರ ಪ್ರದರ್ಶನ ಎಲ್ಲಿ ಕಂಡರೂ ತಪ್ಪಿಸಬೇಡಿ.

ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಒಂದು ಗಂಟೆ ಕೊಡಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರರು 19ನೆಯ ಶತಮಾನ ಮುಗಿದು 20ನೆಯದು ಆರಂಭವಾಗುವ ಹೊತ್ತಿನಲ್ಲಿ ಅಲ್ಲಿಯ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕಾವಿಯಂತೆ ಇಲ್ಲಿಯ ಗೋಡೆಚಿತ್ರಗಳೂ ಹಸಿ ಗಾರೆಯ ಕೆಲಸವೇ ಆದ್ದರಿಂದ ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡುವುದು ಒಳ್ಳೆಯದು.

ಕೊನೆಗೆ ಮಣಿಪಾಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಹೆಸರಿನ ಕಲಾ ಗ್ಯಾಲರಿ ಅಲ್ಲಿದೆ. ಹೆಬ್ಬಾರರ ವರ್ಣಚಿತ್ರಗಳಿಗಿಂತ ಅವರ ರೇಖಾಚಿತ್ರಗಳ ಎದುರು ಹೆಚ್ಚು ಹೊತ್ತು ನಿಲ್ಲಿ. ಕುಣಿಯುವವಳ ಹೆಗಲಿನಿಂದ ಹೊರಟ ಗೆರೆ ಬೆನ್ನು, ಸೊಂಟ, ಮೊಣಕಾಲು ದಾಟಿ ಪಾದದವರೆಗೆ ಎಲ್ಲಿಯಾದರೂ ನಿಂತಿದೆಯೇ ಎಂದು ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಹಿಂಬಾಲಿಸಿ. ಕಾವಲಿನವರು ಗಾಬರಿಯಾಗದಂತೆ ಗಾಜಿನಿಂದ ಒಂದು ಗೇಣು ದೂರವಿರಲಿ.